ಎರಡೂವರೆ ನಿಮಿಷದ ದೂರ

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ತೂಕ ಬರೆಯುವ ಎರ್ರಿಸ್ವಾಮಿಯ ತಲೆ ಕೆಡಿಸಿದ್ದು ಅವನದೇ ಮೊಬೈಲು. ಬೆಳಿಗ್ಗೆ ದಾರಿ ಹುಡುಕಿದರೆ ಅದು ಸಿರುಗುಪ್ಪದಿಂದ ಕುರುಗೋಡಿಗೆ ಆಕಾಶಮಾರ್ಗದಲ್ಲಿ ಮೂವತ್ತೆರಡು ಕಿಲೋಮೀಟರು, ವಿಮಾನದಲ್ಲಿ ಎರಡೂವರೆ ನಿಮಿಷ ಎಂದಿತು. ಎರಡೂ ಊರಲ್ಲಿ ವಿಮಾನ ಇಳಿಯುವ ಜಾಗವಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಕುರುಗೋಡಿನಲ್ಲಿ ಶೀಲಾ ಇದ್ದಳು. ಮದುವೆಯಾದ ಎರಡೇ ತಿಂಗಳಿಗೆ ಆಷಾಢ ಬಂದು ತವರಿಗೆ ಹೋದವಳು. ಅಳಿಯ ಅತ್ತೆಯ ಹೊಸ್ತಿಲು ತುಳಿಯುವಂತಿಲ್ಲ. ಇಪ್ಪತ್ತಮೂರು ದಿನದಿಂದ ಅವನಿಗೆ ಮನೆ ಮನೆಯೆನಿಸಿರಲಿಲ್ಲ. ಅವಳು ಗೂಟಕ್ಕೆ ತೂಗುಹಾಕಿ ಬಿಟ್ಟುಹೋದ ಹಸಿರು ಬಳೆಗಳನ್ನೇ ನೋಡುತ್ತ ಉಣ್ಣುತ್ತಿದ್ದ.

ನಿನ್ನೆ ಸಂಜೆ ಅವಳು ಫೋನಿನಲ್ಲಿ ಹೇಳಿದ್ದಳು: "ಅವ್ವ ಶ್ರಾವಣಾನೂ ಮುಗಿಸೇ ಹೋಗು ಅಂತಾಳ. ನೀವು ಎದುರಿಗೆ ಬಂದು ಬಾಯಿಬಿಟ್ಟು 'ಬಾ' ಅನ್ರಿ, ಅಮಾಸಿ ಮರುದಿನಾನ ಬರ್ತೀನಿ. ಫೋನಿನ್ಯಾಗ ಅಂದ್ರ ನಡಿಯಂಗಿಲ್ಲ. ನಾಳಿ ಮಧ್ಯಾಹ್ನ ಬಸ್‌ಸ್ಟ್ಯಾಂಡಿನ್ಯಾಗ ಇರ್ತೀನಿ."

ಆಷಾಢದಲ್ಲಿ ಹೆಂಡತಿಯನ್ನು ನೋಡಲು ಹೊರಟೆ ಎಂದರೆ ಗಿರಣಿಗೆ ಗಿರಣಿಯೇ ನಗುತ್ತದೆ. ಅದಕ್ಕೆ, ಹಲ್ಲು ಕೀಳಿಸಲು ಬಳ್ಳಾರಿಗೆ ಹೋಗುತ್ತೇನೆಂದು ಮಾಲೀಕರಿಗೆ ಸುಳ್ಳು ಹೇಳಿದ. ಅಲ್ಲೇ ಅಕ್ಕಿ ಕೇರುತ್ತಿದ್ದ ಪಕ್ಕದ ಮನೆಯ ಪಕ್ಕೀರಮ್ಮ ಮೊರ ಕೆಳಗಿಟ್ಟಳು.

"ಒಬ್ಬನ ಹೋಗ್ತಾರೇನಲೇ? ತಲಿ ತಿರುಗಿ ಬಿದ್ರ ಯಾರು ಹಿಡಿಯೋರು? ನಡಿ, ನಾನೂ ಬರ್ತೀನಿ."

"ಬ್ಯಾಡಕ್ಕ, ಈಗ ನೋವು ಕಮ್ಮಿ ಆಗೈತಿ."

"ದವಾಖಾನಿ ಹೆಸರು ಕೇಳಿದ್ರ ಎಲ್ಲಾರಿಗೂ ಹಂಗ!"

ಬಳ್ಳಾರಿಯಲ್ಲಿ ರಟ್ಟೆ ಹಿಡಿದು ಹಲ್ಲಿನ ಡಾಕ್ಟರರ ಮುಂದೆ ಕೂರಿಸಿದಳು. ಏನೂ ಇಲ್ಲವೆಂದು ಕಳಿಸಿಬಿಡುತ್ತಾರೆಂಬ ಧೈರ್ಯದಿಂದ ಅವನು ಬಾಯಿ ತೆರೆದ. ಮೂಲೆಯಲ್ಲಿ ನಿಜವಾಗಿಯೂ ಒಂದು ಹಲ್ಲು ಹುಳುಕಾಗಿತ್ತು. ಸ್ವಲ್ಪ ಹೊತ್ತಿಗೆ ಹಲ್ಲು ಕಾಗದದ ಪೊಟ್ಟಣದಲ್ಲಿತ್ತು, ಹತ್ತಿ ಬಾಯಲ್ಲಿತ್ತು.

"ಎರಡು ತಾಸು ಬಾಯಿ ಬಿಡಬ್ಯಾಡ್ರಿ," ಎಂದರು ಡಾಕ್ಟರು.

ಎರ್ರಿಸ್ವಾಮಿ ಕುರುಗೋಡಿನ ಬಸ್ಸಿಗೆ ಓಡಿದ. ಪಕ್ಕೀರಮ್ಮ ಒಂದು ಗಳಿಗೆ ಕಣ್ಣರಳಿಸಿ ನೋಡಿ, "ಓಹೋ, ನೋವು ಇರೋದು ಅಲ್ಲೇನು!" ಎಂದು ಅವನ ಹಿಂದೆಯೇ ಹತ್ತಿದಳು.

ಶೀಲಾ ಕೈಯಲ್ಲೊಂದು ಡಬ್ಬಿ ಹಿಡಿದು ನಿಂತಿದ್ದಳು. ಅವಳನ್ನು ಕಂಡದ್ದೇ ಅವನಿಗೆ ಕಣ್ಣು ತುಂಬಿ ಬಂತು.

"ಹಿಟ್ಟಿನ ಗಿರಣಿಗೆ ಅಂತ ಅವ್ವಗ ಹೇಳಿ ಬಂದೀನಿ. ಲಗೂನ ಅನ್ರಿ," ಎಂದಳು.

ಬಾಯಿ ತೆರೆದ. ಹತ್ತಿ ಹೊರಬಂತು, ಜೊಲ್ಲು ಬಂತು, ಮರಗಟ್ಟಿದ ನಾಲಿಗೆ ಮಾತ್ರ ಮಿಸುಕಲಿಲ್ಲ. ಬರೆದಾದರೂ ತೋರಿಸೋಣವೆಂದು ಅವಸರದಿಂದ ಮೊಬೈಲು ತೆಗೆದ. ಬೆಳಗಿನ ಪುಟವೇ ತೆರೆದುಕೊಂಡಿತು.

"ಎರಡೂವರಿ ನಿಮಿಷ?" ಶೀಲಾ ಓದಿದಳು.

"ಅದನ್ನ ಹೇಳಾಕ ಬಂದಾನವ್ವ," ಎಂದು ಪಕ್ಕೀರಮ್ಮ ನಡುವೆ ಬಂದಳು. "ಇಷ್ಟು ಹತ್ರ ಇದ್ದಮ್ಯಾಲ ಅವಸರ ಏನು ಅಂತ. ಹಲ್ಲು ಕಿತ್ತಾರ, ಗಂಜಿ ನಾನು ಕಾಸಿ ಕೊಡ್ತೀನಿ. ನೀ ಆರಾಮ ಶ್ರಾವಣ ಮುಗಿಸ್ಕಂಡು ಬಾ."

ಎರ್ರಿಸ್ವಾಮಿ ಎರಡೂ ಕೈ ಜೋರಾಗಿ ಬೀಸಿದ.

"ನೋಡು, ಟಾಟಾನೂ ಮಾಡಾಕ ಹತ್ಯಾನ!"

"ನಾನ ಅವಸರದಾಕಿ ಆದೆ," ಎಂದು ಶೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಕ್ಕುಲಿ ಡಬ್ಬಿ ಅವನ ಕೈಗಿಟ್ಟು, ಮೂರು ಸಲ ತಿರುಗಿ ನೋಡಿ ಹೊರಟೇಹೋದಳು.

ವಾಪಸು ಬಸ್ಸು ಬಳ್ಳಾರಿ ಮುಟ್ಟುವ ಹೊತ್ತಿಗೆ ಮರಗಟ್ಟಿದ್ದು ಬಿಟ್ಟಿತು. ಎರ್ರಿಸ್ವಾಮಿ ಕಿಟಕಿಯ ಹೊರಗೆ ನೋಡುತ್ತ, ಸ್ಪಷ್ಟವಾಗಿ ಅಂದ: "ಬಾ."

ಪಕ್ಕೀರಮ್ಮ ಚಕ್ಕುಲಿ ಕಡಿಯುತ್ತ ತಿರುಗಿದಳು. "ಎಲ್ಲಿಗಲೇ? ಪಕ್ಕದಾಗ ಅದೀನಲ್ಲ!"