ಚುಂಬಕ ಹಿಡಿದ ಕಾಕಾ

ನನ್ನ ಕಾಕಾ ದೇವರನ್ನು ನಂಬುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ದೇವರೇ ಎದುರಿಗೆ ಬಂದಿದ್ದರೂ ಮೊದಲು ಅವನ ಕಿರೀಟಕ್ಕೆ ಚುಂಬಕ ಹಚ್ಚಿ ನೋಡುತ್ತಿದ್ದ, ಅಷ್ಟು ಖಾತ್ರಿ! ಅಂಥವನ ಅಣ್ಣನ ಮಗನಾಗಿ ಹುಟ್ಟಿದ ನನ್ನ ಹಣೆಬರಹಕ್ಕೆ ಯಾರೇನು ಮಾಡಬೇಕು?

ಹಾನಗಲ್ಲಿನ ಪೇಟೆಯಲ್ಲಿ ಅವನದು ಪಾತ್ರೆಗಳ ಮೇಲೆ ಹೆಸರು ಕೊರೆಯುವ ಕೆಲಸ. ಎಪ್ಪತ್ತರ ದಶಕ. ಮಂದಿ ಹಿತ್ತಾಳೆ ಬಿಟ್ಟು ಸ್ಟೀಲಿಗೆ ಮುಗಿಬಿದ್ದಿದ್ದರು. ಮದುವೆಗೆ ತಾಟು ಕೊಟ್ಟರೆ ಅಂಚಿನಲ್ಲಿ ಕೊಟ್ಟವರ ಹೆಸರು ಇರಲೇಬೇಕು, ಇಲ್ಲದಿದ್ದರೆ ಕೊಟ್ಟರೂ ಕೊಡದಂತೆ. ಕಾಕಾನ ಸಣ್ಣ ಉಳಿಗೆ ಕೈತುಂಬ ಕೆಲಸವಿತ್ತು. ಆದರೆ ಅವನದೊಂದು ವ್ರತ. ಹಳೆಯ ರೇಡಿಯೊದಿಂದ ಕಿತ್ತ ಚುಂಬಕವೊಂದು ಸದಾ ಅಂಗಿಯ ಕಿಸೆಯಲ್ಲಿ. ಖರೇ ಸ್ಟೀಲಿಗೆ ಚುಂಬಕ ಅಂಟುವುದಿಲ್ಲ ಎಂದು ಅವನ ನಂಬಿಕೆ. ಪಾತ್ರೆಗೆ ಅಂಟಿತೋ, ಖೋಟಾ ಮಾಲು! ಕೊರೆಯುವುದಿಲ್ಲ!

“ನಮ್ಮಪ್ಪನ ಹೆಸರು ಕೊರೀರಿ ಅಂದ್ರ ಪಂಚನಾಮಿ ಮಾಡಾಕತ್ತೀರಲ್ರಿ!” ಎಂದು ಗಿರಾಕಿಯೊಬ್ಬ ರೇಗಿದ.

“ಖೋಟಾ ತಾಟಿನ ಮ್ಯಾಲೆ ಕೊರದ್ರ ನಿಮ್ಮಪ್ಪನೂ ಖೋಟಾ ಆಗ್ತಾನ್ರಿ” ಎಂದ ಕಾಕಾ.

ಹೀಗೆ ಮಾತಾಡಿದರೆ ಯಾರು ಬಂದಾರು? ಸವಣೂರಿನ ಒಂದು ಮದುವೆಯಲ್ಲಂತೂ ಬಡಿಸುವವನ ಸೌಟು ಹಿಡಿದು ಪರೀಕ್ಷೆಗೆ ಇಳಿದ. ಅದು ಮುಗಿಯುವ ತನಕ ಇಡೀ ಸಾಲಿಗೆ ಸಾರು ಬರಲಿಲ್ಲ.

ಒಮ್ಮೆ ಬೆನ್ನಿಗೆ ಕುರುವಾಗಿತ್ತು. ಶಿಗ್ಗಾವಿಯ ಡಾಕ್ಟರೊಬ್ಬರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಕತ್ತರಿ, ಚೂರಿ ಹೊಂದಿಸುತ್ತಿದ್ದಂತೆ ಈ ಮಹಾರಾಯ ಚುಂಬಕ ತೆಗೆದ. ಟಕ್ಕನೆ ಅಂಟಿತು!

“ಧಾರಿ ಹಿಡಿಯೋ ಸ್ಟೀಲ್ ಹಂಗ ಇರತೈತ್ರಿ. ಕಾಸಿ, ತಣಸಿ ಗಟ್ಟಿ ಮಾಡಿರ್ತಾರ. ನಿಮ್ಮ ತಾಟಿನ ಸ್ಟೀಲಿನಿಂದ ಚೂರಿ ಮಾಡಿದ್ರ ಬದನಿಕಾಯಿನೂ ಕೊಯ್ಯಂಗಿಲ್ಲ” ಎಂದು ಡಾಕ್ಟರು ಪಾಪ ತಿಳಿಸಿ ಹೇಳಿದರು.

“ಖೋಟಾ ಹತ್ಯಾರ ನನ್ನ ಮೈಗೆ ಹಚ್ಚಬ್ಯಾಡ್ರಿ!” ಎಂದು ಕಾಕಾ ಮೇಜಿನಿಂದ ಇಳಿದೇಬಿಟ್ಟ. ಆ ಕುರು ಬಂಕಾಪುರದ ಹತ್ತಿರ ಬಸ್ಸಿನ ಕುಲುಕಾಟಕ್ಕೆ ತಾನಾಗಿಯೇ ಒಡೆಯಿತು, ಅದೂ ನನ್ನ ಹೊಸ ಅಂಗಿಯ ಮೇಲೆ!

ಇಲ್ಲಿಯ ತನಕ ನಕ್ಕಿದ್ದು ಸಾಕು. ಮುಂದಿನದನ್ನು ನಗುತ್ತ ಹೇಳಲು ನನಗೆ ಬರುವುದಿಲ್ಲ.

ಕಾಕಾನಿಗೆ ಒಬ್ಬಳೇ ಮಗಳು. ನಾನು ಅವಳನ್ನು ತಂಗಿ ಎಂದೇ ಕರೆಯುತ್ತಿದ್ದೆ. ಹಿರೇಕೆರೂರಿನ ಸಂಬಂಧ ಕೂಡಿ ಬಂದಿತ್ತು. ‘ಹುಡುಗ ಒಪ್ಪಿಗೆಯೇನು’ ಎಂದು ಮನೆಯವರು ಕೇಳಿದಾಗ ತಂಗಿ ತಲೆ ತಗ್ಗಿಸದೆ “ಹೂಂ” ಎಂದಿದ್ದಳು. ನಿಶ್ಚಯದ ದಿನ ಗಂಡಿನವರು ಹೊಸ ತಾಟಿನಲ್ಲಿ ಸಕ್ಕರೆ, ಸೀರೆ ಇಟ್ಟುಕೊಂಡು ಬಂದರು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಕಾಕಾ ಕೇಳಬೇಕಲ್ಲ! ತಾಟಿನ ತಳಕ್ಕೆ ಚುಂಬಕ ಹಚ್ಚಿದ. ಅದು ಅಂಟಿಕೊಂಡು ಜೋತುಬಿತ್ತು.

“ತಾಟ ಖೋಟಾ ತಂದ ಮಂದಿ ನನ್ನ ಮಗಳಿಗೆ ಖರೇ ಏನು ಕೊಡ್ತೀರಿ?” ಎಂದ, ತುಂಬಿದ ಮನೆಯಲ್ಲಿ.

ಹುಡುಗನ ಅಪ್ಪ ಸಕ್ಕರೆ ಅಲ್ಲೇ ಬಿಟ್ಟು ಎದ್ದರು. ಹುಡುಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ, ಅಷ್ಟೇ. ಆಮೇಲೆ ಸುತ್ತಲಿನ ಯಾವ ಊರಿನಿಂದಲೂ ಆ ಮನೆಗೆ ಗಂಡು ಬರಲಿಲ್ಲ.

ಏಳು ವರ್ಷಗಳ ನಂತರ ನಾನು ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ತರಬೇತಿಗೆ ಕುಳಿತಿದ್ದೆ. ಅಲ್ಲಿ ಮಾಸ್ತರರು ಹೇಳಿದರು: ನಿಕ್ಕಲ್ ಹಾಕದೆ ಬರೀ ಕ್ರೋಮಿಯಂ ಬೆರೆಸಿದ ಸ್ಟೀಲೂ ಅಸಲಿ ಸ್ಟೇನ್‌ಲೆಸ್ ಸ್ಟೀಲೇ. ಫೆರಿಟಿಕ್ ಎಂದು ಅದರ ಹೆಸರು. ಮೆತ್ತಗೆ ಬಾಗುತ್ತದೆ, ತಾಟು ಚಮಚಕ್ಕೆ ಒಳ್ಳೆಯದು, ಸುಲಭಕ್ಕೆ ಜಂಗು, ಅಂದರೆ ತುಕ್ಕು, ಹಿಡಿಯುವುದಿಲ್ಲ. ಇಂಗಾಲ ಹೆಚ್ಚಿಸಿ, ಕಾಸಿ, ತಣಿಸಿದ್ದು ಮಾರ್ಟೆನ್ಸಿಟಿಕ್, ಚೂರಿ ಕತ್ತರಿಯ ಜಾತಿ. ಎರಡಕ್ಕೂ ಚುಂಬಕ ಅಂಟುತ್ತದೆ! ನನಗೆ ಮೈ ಉರಿದುಹೋಯಿತು. ಬಾಯಲ್ಲಿ ಹೊರಳದ ಎರಡು ಹೆಸರು ಗೊತ್ತಿಲ್ಲದ್ದಕ್ಕೆ ಒಂದು ಹುಡುಗಿಯ ಬಾಳು ಹೋಯಿತಲ್ಲ! ರವಿವಾರ ಮೊದಲ ಬಸ್ಸಿಗೇ ಹಾನಗಲ್ಲಿಗೆ ಬಂದೆ. ಕಾಕಾನ ಮುಖಕ್ಕೇ ಹೇಳಬೇಕಿತ್ತು.

ಕಾಕಾ ಮನೆಯಲ್ಲಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ತಂಗಿಗೆ ಎಲ್ಲ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತಿ ಅಣ್ಣಾ. ಅಪ್ಪನ ಕಣ್ಣ ತಪ್ಪಿಸಿ ಸಂತ್ಯಾಗ ಒಂದು ಚಮಚ ತಂದಿದ್ದೆ, ಚುಂಬಕ ಹಿಡಿಯೂವಂಥಾದ್ದು. ನಾಕು ವರ್ಷಾತು, ಹುಣಸಿ ತೊಕ್ಕಿನ ಗಡಿಗ್ಯಾಗ ಐತಿ. ಒಂದ್ ಚುಕ್ಕಿ ಜಂಗ್ ಇಲ್ಲ.”

“ಮತ್ತ ಕಾಕಾಗ ಯಾಕ ಹೇಳಲಿಲ್ಲ?”

“ಹೇಳಿದ್ರ ಆ ಹುಡುಗ ಹೊಳ್ಳಿ ಬರ್ತಾನೇನು? ಅಂವಗ ಲಗ್ನ ಆಗಿ ಮಕ್ಕಳದಾವ. ‘ಖೋಟಾ ಮಂದಿ ಕೈಯಿಂದ ನನ್ನ ಮಗಳನ್ನ ಉಳಿಸೀನಿ’ ಅನ್ನೂದೊಂದ ಅಪ್ಪಗ ಉಳದೈತಿ. ಅದನ್ನೂ ಕಸಗೊಂಡ್ರ ಅಂವಾ ಬದುಕಂಗಿಲ್ಲ. ಹೇಳಬ್ಯಾಡಣ್ಣಾ.”

ಅಷ್ಟರಲ್ಲಿ ಕಾಕಾ ಬಂದ. ಬಹಳ ಸೊರಗಿದ್ದ. “ಬಾರಪ್ಪಾ! ಹುಬ್ಬಳ್ಯಾಗರೆ ಖರೇ ಸ್ಟೀಲ್ ಸಿಗತೈತೇನು?”

ತಂಗಿ ನನ್ನನ್ನೇ ನೋಡುತ್ತಿದ್ದಳು.

“ಇಲ್ಲ ಕಾಕಾ, ಅಲ್ಲೂ ಖೋಟಾನ ಬಾಳ” ಎಂದೆ.

“ಕೇಳಿದೇನವಾ?” ಎಂದು ಅವನು ಮಗಳ ತಲೆಯ ಮೇಲೆ ಕೈ ಇಟ್ಟ.

“ಕೇಳಿದೆ ಅಪ್ಪಾ. ನೀ ಇದ್ದಿ ಅಂತ ನಾ ಉಳದೆ” ಎಂದು ಅವಳು ಅವನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.