ಅಚ್ಯುತನ ಮೀನಿಲ್ಲದ ಕೇರಳ ಪ್ರವಾಸ

"ಎರಡು ನಗರ, ಒಂದು ಕಾಡು, ಒಂದು ಕಡಲು! ಇಷ್ಟರಲ್ಲಿ ನಿಮ್ಮಪ್ಪನ ಮೂಗಿಗೆ ಮೀನಿನ ವಾಸನೆ ಒಂದೇ ಒಂದು ಸಲ ತಾಗಿದ್ರೂ ನನ್ನ ಹೆಸರು ಅಚ್ಯುತ ಅಲ್ಲ!"

ಭೀಷ್ಮನ ನಂತರ ಇಂಥ ಪ್ರತಿಜ್ಞೆ ಯಾರೂ ಮಾಡಿರಲಾರರು. ಬೀನ್ಸ್ ನಾರು ತೆಗೆಯುತ್ತಿದ್ದ ಇಂದುಮತಿ "ಹೂಂ" ಎಂದಳು. ಆ ಹೂಂಕಾರದ ಅರ್ಥವನ್ನು ಅಚ್ಯುತ ಆಗಲೇ ವಿಚಾರಿಸಿಕೊಂಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಅಚ್ಯುತ ಎಂದರೆ ಜಾರದವನು. ನಾಲಿಗೆಯ ವಿಷಯದಲ್ಲಿ ಅವನು ಜಾರಿ ಆರು ವರ್ಷವಾಗಿತ್ತು. ಕೇಂದ್ರ ಸರ್ಕಾರದ ಲೆಕ್ಕಪರಿಶೋಧಕ; ಮೊದಲು ಕೊಚ್ಚಿಯ ವಲ್ಲಾರ್ಪಾಡಂನಲ್ಲಿ, ಈಗ ತಿರುವನಂತಪುರದಲ್ಲಿ ರಾಕೆಟ್ ಕೇಂದ್ರವಿರುವ ತುಂಬದಲ್ಲಿ. ಊರಿನವರ ಗುಟ್ಟು ರಟ್ಟು ಮಾಡುವುದು ಅವನ ವೃತ್ತಿ, ತನ್ನದನ್ನು ಮುಚ್ಚಿಡುವುದು ಪ್ರವೃತ್ತಿ. ಮನೆಯಲ್ಲಿ ಬೀನ್ಸ್ ಪಲ್ಯ, ಮಧ್ಯಾಹ್ನ ಕಚೇರಿಯ ಗೇಟಿನಾಚೆ ಜುಬೈದಾಳ ಗಾಡಿಯಲ್ಲಿ ಹುರಿದ ಬಂಗುಡೆ.

ಈಗ ಬರುತ್ತಿದ್ದ ಮಾವ ಸುಬ್ರಾಯರು ಮೈಸೂರಿನ ಶುದ್ಧ ಸಸ್ಯಾಹಾರಿ ಬಳಗದ ಅಧ್ಯಕ್ಷರು. ಮುಂದಿನ ತಿಂಗಳ ವಾರ್ಷಿಕೋತ್ಸವದಲ್ಲಿ "ಮೀನಿನ ನಾಡಿನಲ್ಲಿದ್ದೂ ಮೀನು ಮುಟ್ಟದ ಮಹನೀಯ" ಎಂದು ಅಳಿಯನಿಗೆ ಶಾಲು ಹೊದಿಸಲಿದ್ದರು. ಆಹ್ವಾನಪತ್ರಿಕೆ ಅಚ್ಚಾಗಿತ್ತು. ಬಂಧುಬಳಗಕ್ಕೆಲ್ಲ ಹಂಚಿಯೂ ಆಗಿತ್ತು! ಗುಟ್ಟು ಈಗ ಒಡೆದರೆ ಹೋಗುವುದು ಒಬ್ಬರ ಮಾನವಲ್ಲ, ಇಬ್ಬರದು.

ಅಚ್ಯುತ ಮೀನಮೇಷ ಎಣಿಸಲಿಲ್ಲ. ಮೀನವನ್ನು ಮಾತ್ರ ಎಣಿಸಿದ. ಕೊಚ್ಚಿಯಿಂದ ತುಂಬದವರೆಗೆ ತಾನು ಕೂತುಂಡ ಅಷ್ಟೂ ಹೋಟೆಲುಗಳನ್ನು ತಪ್ಪಿಸಿಕೊಂಡು ಹೋಗುವ ದಾರಿ ಹುಡುಕಿದ. ಉಪಗ್ರಹದ ಕಕ್ಷೆ ಗುರುತಿಸುವವರೂ ಅಷ್ಟು ಶ್ರಮ ಪಟ್ಟಿರಲಾರರು.

ಗಂಡ ಹೆಂಡತಿ ಕೊಚ್ಚಿಗೇ ಹೋಗಿ ಸುಬ್ರಾಯರನ್ನು ಎದುರುಗೊಂಡರು. ಫೋರ್ಟ್ ಕೊಚ್ಚಿಯ ದಂಡೆಯಲ್ಲಿ ಸಾಲಾಗಿ ಚೀನೀ ಬಲೆಗಳು.

"ಇದೇನ್ರೀ ಅಳಿಯಂದಿರೇ, ಇಷ್ಟು ದೊಡ್ಡ ಬಲೆ?"

"ಚೀನೀ ವಾಸ್ತುಶಿಲ್ಪ ಮಾವ. ಗಾಳಿ ಹಿಡಿಯೋದಕ್ಕೆ."

"ಒಳಗೇನೋ ಒದ್ದಾಡ್ತಿದೆಯಲ್ಲ?"

"ಗಾಳೀನೇ, ಮಾವ."

ಊಟಕ್ಕೆ ಎರ್ನಾಕುಳಂನ ಶುದ್ಧ ಸಸ್ಯಾಹಾರಿ ಹೋಟೆಲು. ಅಚ್ಯುತ ಅದರ ಹೊಸ್ತಿಲು ತುಳಿದಿದ್ದೇ ಮೊದಲ ಸಲ. ಆದರೆ ಹೋಟೆಲು ಹೊಸದಾದರೇನು, ಮಾಣಿ ಹಳಬ! ಹಿಂದೆ ವಲ್ಲಾರ್ಪಾಡಂನಲ್ಲಿ ಇವನಿಗೆ ದಿನವೂ ಮೀನು ಬಡಿಸುತ್ತಿದ್ದವನು ಸಾಂಬಾರಿನ ಬಕೆಟ್ ಹಿಡಿದು ಪ್ರತ್ಯಕ್ಷನಾದ. ಪಾಪ, ಇಲ್ಲಿ ಇವನಿಗೆ ಮೀನು ಸಿಗದಲ್ಲ ಎಂದು ಅವನ ಮುಖದಲ್ಲಿ ನಿಜವಾದ ಕಳವಳ.

"ಅಯ್ಯೋ ಸಾರೇ! ಇವಿಡೆ ಮೀನ್ ಇಲ್ಲಲ್ಲೋ!"

ಮೀನು ಎನ್ನುವ ಪದ ಎರಡೂ ಭಾಷೆಗಳಲ್ಲಿ ಒಂದೇ ಎಂಬುದು ದ್ರಾವಿಡ ಬಾಂಧವ್ಯದ ಹೆಗ್ಗುರುತೆಂದು ಅಚ್ಯುತ ಕಾಲೇಜಿನಲ್ಲಿ ಓದಿದ್ದ. ಇಂದು ಆ ಬಾಂಧವ್ಯ ಗಂಟಲಲ್ಲಿ ಮುಳ್ಳಾಯಿತು.

"ಮೀನು ಅಂದನಲ್ಲ?" ಎಂದರು ಸುಬ್ರಾಯರು.

"ನಂದು ಮೀನ ರಾಶಿಯಾ ಅಂತ ಕೇಳ್ದ ಮಾವ. ಇಲ್ಲಿ ಮಾಣಿಗಳಿಗೂ ಜ್ಯೋತಿಷ್ಯ ಬರತ್ತೆ."

ಸುಬ್ರಾಯರು ಭಕ್ತಿಯಿಂದ ಬಲ ಅಂಗೈ ಚಾಚಿದರು. ಮಾಣಿ ಅದರ ಮೇಲೊಂದು ಹಪ್ಪಳವಿಟ್ಟು ಮುಂದೆ ಹೋದ.

"ಗುರುಬಲ ಇದೆ ಅಂತ ಅರ್ಥ," ಎಂದ ಅಚ್ಯುತ. ಇಂದುಮತಿ ತಲೆ ತಗ್ಗಿಸಿ ಅನ್ನ ಕಲೆಸುತ್ತಿದ್ದಳು. ಅವಳ ಭುಜ ಕುಲುಕಿದ್ದನ್ನು ಅವನು ಬಿಕ್ಕಳಿಕೆ ಎಂದುಕೊಂಡು ನೀರು ಕೊಟ್ಟ.

ಮರುದಿನ ಅತಿರಪ್ಪಿಳ್ಳಿಯ ಮಳೆಕಾಡು. ದಾರಿಯಲ್ಲಿ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಗಸಿ. ಮುಂದೆ ಧೋ ಎನ್ನುವ ಜಲಪಾತ. ಕಾಡಿನಲ್ಲಿ ಪರಿಚಯದ ಮಾಣಿಗಳಿಲ್ಲವೆಂದು ಅಚ್ಯುತ ಎದೆ ತುಂಬ ಉಸಿರೆಳೆದ. ಆದರೆ ಹಿಂತಿರುಗಿ ಚಪ್ಪಲಿ ಬಿಚ್ಚಿ ನೋಡಿದರೆ ಅವನ ಕಾಲಲ್ಲಿ ಜಿಗಣೆಗಳ ಪಂಕ್ತಿಭೋಜನ! ಉಳಿದಿಬ್ಬರ ಕಾಲಿಗೆ ಒಂದೂ ಅಂಟಿರಲಿಲ್ಲ.

"ನಮ್ಮನ್ನ ಬಿಟ್ಟು ನಿಮ್ಮನ್ನೇ ಯಾಕ್ರೀ ಹಿಡೀತು?"

"ಅದಕ್ಕೂ ಬಾಯಿರುಚಿ ಅಂತ ಒಂದಿರತ್ತಲ್ಲಪ್ಪಾ," ಎಂದಳು ಇಂದುಮತಿ.

ತಿರುವನಂತಪುರದಲ್ಲಿ ಭಾನುವಾರ. ಬೋಳಿ ಎಂಬ ಹಳದಿ ತಿಂಡಿಯ ಮೇಲೆ ಪಾಯಸ ಸುರಿದು ಕೊಟ್ಟಾಗ "ಇದು ನಮ್ಮ ಹೋಳಿಗೇನೇ ಕಣ್ರೀ, ಪಾಯಸದಲ್ಲಿ ಸ್ನಾನ ಮಾಡಿ ಬಂದಿದೆ!" ಎಂದು ಸುಬ್ರಾಯರು ಇನ್ನೊಂದು ಹಾಕಿಸಿಕೊಂಡರು. ಸಂಜೆ ಕಡಲು. ತುಂಬದ ದಂಡೆ ಬೇಡವೇ ಬೇಡ, ಅಲ್ಲಿ ಜುಬೈದಾ! ಅಚ್ಯುತ ಜಾಣತನದಿಂದ ಕಾರನ್ನು ಶಂಖುಮುಖದ ಕಡಲತೀರಕ್ಕೆ ತಿರುಗಿಸಿದ.

ಭಾನುವಾರ ಕಚೇರಿಗೆ ರಜೆ. ಜುಬೈದಾಳ ಗಾಡಿಗೆ ರಜೆಯಿಲ್ಲ, ಅದಕ್ಕೆ ಚಕ್ರಗಳಿವೆ. ಜನ ಎಲ್ಲಿದ್ದರೆ ಅಲ್ಲಿಗೆ ಅದು ಹೊರಳುತ್ತದೆ. ಇಷ್ಟು ಸರಳ ಲೆಕ್ಕ ಲೆಕ್ಕಪರಿಶೋಧಕನಿಗೆ ತಪ್ಪಿತು.

"ಸಾರೇ! ಎಂದಾ ಕಾಣಾತ್ತದ್?" ಎಂದು, ಯಾಕೆ ಕಾಣಲೇ ಇಲ್ಲ ಎಂಬ ಅಕ್ಕರೆಯಲ್ಲಿ, ಜುಬೈದಾ ಯಾರೂ ಹೇಳದೆಯೇ ತಟ್ಟೆ ತಂದು ಮೂವರ ನಡುವೆ ಇಟ್ಟಳು. ಮೇಲೆ ಈರುಳ್ಳಿ, ನಿಂಬೆಹಣ್ಣಿನ ಹೋಳು. ಕೆಳಗೆ ಎರಡು ಬಂಗುಡೆ.

"ಇದೇನು?"

"ಬಾ... ಬಾಳೆಕಾಯಿ ಬಜ್ಜಿ, ಮಾವ."

ಸುಬ್ರಾಯರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಬಾಳೆಕಾಯಿ ನನ್ನನ್ನೇ ನೋಡ್ತಿದೆಯಲ್ರೀ!"

ಶಾಲು ಹಾರಿಹೋಯಿತು. ಮಾವ ಮೈಸೂರಿಗೆ ಹೇಗೆ ಮುಖ ತೋರಿಸುತ್ತಾರೆಂದು ನೆನೆದು ಅಚ್ಯುತ ನಿಂಬೆಹೋಳನ್ನು ಬಂಗುಡೆಯ ಕಣ್ಣಿನ ಮೇಲೆ ಸರಿಸಿದ. ಆಗ ಇಂದುಮತಿ ಬಾಯಿ ತೆರೆದಳು. ತರಕಾರಿ ಚೌಕಾಸಿಗೆ ಬೇಕಾದಷ್ಟು ಮಾತ್ರ ಮಲಯಾಳ ಬಲ್ಲವಳೆಂದು ಅವನು ತಿಳಿದಿದ್ದ ಇಂದುಮತಿ!

"ಇತ್ತಾ, ಅದು ಪಾರ್ಸೆಲ್ ಆಕ್ಕಿಕ್ಕೋ. ಪೂಚ್ಚಕ್ಕಾಣ್." ಜುಬೈದಾಳನ್ನು ಅಕ್ಕಾ ಎಂದು ಕರೆದು ಕಟ್ಟಿಕೊಡಲು ಹೇಳಿ, ಆಮೇಲೆ ತಂದೆಯ ಕಡೆ ತಿರುಗಿ, "ಬೆಕ್ಕಿಗೆ, ಅಪ್ಪಾ. ನಮ್ಮ ಬೀದಿ ಬೆಕ್ಕುಗಳಿಗೆ ಇವರೇ ಅನ್ನದಾತರು. ಹೇಳ್ಕೊಳ್ಳೋಕೆ ಸಂಕೋಚ."

ಅಚ್ಯುತನಿಗೆ ಅವಳ ಕಾಲಿಗೆ ಬೀಳುವಷ್ಟು ಭಕ್ತಿ ಉಕ್ಕಿತು. ಸುಬ್ರಾಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತಾನು ಮುಟ್ಟದ್ದನ್ನ ಮೂಕಪ್ರಾಣಿಗಳಿಗೋಸ್ಕರ ಮುಟ್ತಾರೆ! ನಡೀರಿ, ಕಣ್ಣಾರೆ ನೋಡ್ಬೇಕು."

ಕಾರು ಮನೆಯ ಗೇಟಿಗೆ ಬರುತ್ತಲೇ ಬೀದಿಯ ಬೆಕ್ಕುಗಳೆಲ್ಲ ಬಾಲವೆತ್ತಿ ಓಡಿಬಂದವು. ಸುಬ್ರಾಯರನ್ನು ಮೂಸಲಿಲ್ಲ, ಇಂದುಮತಿಯತ್ತ ತಿರುಗಲಿಲ್ಲ. ಹಳೆಯ ನೆಂಟರಂತೆ ಅಚ್ಯುತನ ಕಾಲು ಸುತ್ತಿದವು. ಇದಕ್ಕಿಂತ ಸಾಕ್ಷಿ ಬೇಕೆ? ಮಾವ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಚಿತ್ರೀಕರಿಸಿದರು. ಅಚ್ಯುತ ಬಿಸಿಬಿಸಿ ಬಂಗುಡೆಯನ್ನು ತನ್ನ ಕೈಯಾರೆ, ಮುಳ್ಳು ಬಿಡಿಸಿ, ತುಣುಕು ತುಣುಕಾಗಿ ಬೆಕ್ಕುಗಳಿಗೆ ಹಾಕಿದ. ಕೊನೆಯ ತುಣುಕಿನ ಹತ್ತಿರ ಬೆರಳು ತುಸು ತಡೆಯಿತು.

"ಹಾಕಿ, ಹಾಕಿ!" ಎಂದರು ಮಾವ. ಹಾಕಿದ.

ಅಷ್ಟರಲ್ಲಿ ಸುಬ್ರಾಯರು ಮೈಸೂರಿಗೆ ಫೋನ್ ಹಚ್ಚಿಯಾಗಿತ್ತು. "ಶಾಲಿನ ಜೊತೆ ಬಿರುದೂ ಇರ್ಲಿ. ಬರ್ಕೊಳ್ಳಿ, ಮಾರ್ಜಾಲಬಂಧು!"

ಅಚ್ಯುತ ಖಾಲಿ ಪೊಟ್ಟಣ ಹಿಡಿದು ಹೆಂಡತಿಯ ಹತ್ತಿರ ಸರಿದ. "ಇಂದೂ, ನಿನಗೆ ಯಾವಾಗಿಂದ..."

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯತ್ತಂತೆ," ಎಂದಳು ಇಂದುಮತಿ, ಅಪ್ಪನಿಗೆ ಕೇಳದಷ್ಟು ಮೆಲ್ಲಗೆ. "ನಿಮ್ಮ ಶರ್ಟು ಒಗೆಯೋಳು ನಾನು ಕಣ್ರೀ. ಆರು ವರ್ಷದಿಂದ ಮೂಗು ಮುಚ್ಕೊಂಡು ಒಗೀತಿದ್ದೀನಿ."