ಮಾವನ ಕೈ ವಾಚಿಗೆ ಹೋದಾಗ

ತುಮಕೂರಿನ ಆಸುಪಾಸಿನಲ್ಲಿ ನಮ್ಮ ಸೋದರಮಾವ ಪ್ರಜ್ಞೆ ತಪ್ಪಿ ಬೀಳದ ಊರೇ ಇಲ್ಲ! ಹಾಗಂತ ಪೀಚಲು ಆಸಾಮಿ ಅಂದುಕೊಂಡೀರಿ. ಆರಡಿ ಆಳು, ಹುರಿಮೀಸೆ, ಗುಬ್ಬಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಅವರ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಅಷ್ಟೂ ದಿನ ನನ್ನ ಜೀವ ಬಾಯಿಗೆ ಬಂದಿತ್ತು.

ಒಮ್ಮೆ ಶಾಲೆಗೆ ಕಾಲರಾ ಇಂಜೆಕ್ಷನ್ ಹಾಕುವವರು ಬಂದರು. ಮಕ್ಕಳಿಗೆ ಧೈರ್ಯ ತುಂಬಲು ಮಾವ ಅಂಗಿಯ ತೋಳು ಮಡಚಿ ಸಾಲಿನ ಮುಂದೆ ನಿಂತರು. ಸೂಜಿ ಇನ್ನೂ ಕುದಿಯುವ ನೀರಿನಲ್ಲಿತ್ತು, ಮಾವ ನೆಲದ ಮೇಲಿದ್ದರು! ಕಣ್ಣು ಬಿಟ್ಟು ಹೇಳಿದ್ದೇನು? "ಕಾಲು ಜಾರ್ತು."

ಅತ್ತೆಗೂ ತಲೆಸುತ್ತು ಬರುತ್ತಿತ್ತು, ಆದರೆ ಅದರಲ್ಲೂ ಒಂದು ಅಚ್ಚುಕಟ್ಟು. ರಕ್ತ ಕಂಡರೆ ಅವರಿಗೇನೂ ಆಗದು. ಉಪವಾಸವಿದ್ದು ಸೆಕೆಯಲ್ಲಿ ನಿಂತರೆ ಮುಗಿಯಿತು. ಕುಣಿಗಲ್ಲಿನ ಒಂದು ಮದುವೆಯಲ್ಲಿ "ಕಿವಿ ಗುಂಯ್ ಅಂತಿದೆ, ಹೊಟ್ಟೆ ತೊಳಸ್ತಿದೆ ಕಣೇ" ಎಂದವರೇ ಆರತಿ ತಟ್ಟೆ ನನಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಜಮಖಾನದ ಮೇಲೆ ಮಲಗಿ, ಆಮೇಲೆ ಪ್ರಜ್ಞೆ ತಪ್ಪಿದರು. ಹೆಂಗಸರು ಮುತ್ತಿಕೊಂಡು "ಎಷ್ಟು ತಿಂಗ್ಳು?" ಅಂತ ಕೇಳಿದ್ದೇ ಕೇಳಿದ್ದು. ಅತ್ತೆಗಾಗ ನಲವತ್ತೆಂಟು! ಅಲ್ಲೇ ಅಡುಗೆಯವನು ಬೆರಳು ಕುಯ್ದುಕೊಂಡದ್ದು ನೋಡಿ ಮಾವ ದಢಾರನೆ ಉರುಳಿದರು. ಯಾರೋ ಮೂರ್ಛೆರೋಗವೆಂದು ಅವರ ಕೈಗೆ ಕಬ್ಬಿಣದ ಬೀಗದಕೈ ತುರುಕಿದರು. ಉಳಿದ ಗಂಡಸರು "ಬೆಳಿಗ್ಗೇನೇ ಹಾಕ್ಕೊಂಡವ್ನೆ, ಬುಡು" ಎಂದರು. ಒಂದು ತೊಟ್ಟೂ ಮುಟ್ಟದ ಮನುಷ್ಯ, ಪಾಪ!

"ನೀವೂ ಅತ್ತೆ ಥರ ಮೊದ್ಲೇ ಮಲಗಬಾರ್ದಾ ಮಾವ?"

"ಅದೆಲ್ಲ ಹೆಂಗಸ್ರ ಪದ್ಧತಿ. ಗಂಡಸ್ರು ನಿಂತಿರ್ಬೇಕು ಕಣೇ."

ನಿಂತೇ ಇದ್ದರು, ಶಿರಾ ಗೇಟಿನವರೆಗೆ. ಅಲ್ಲಿ ಸೈಕಲ್ಲಿನಿಂದ ಬಿದ್ದ ಒಬ್ಬರ ಮಂಡಿಯಲ್ಲಿ ರಕ್ತ ಕಂಡಿತು. ಮಾವ ನಡುರಸ್ತೆಯಲ್ಲಿ ಬಿದ್ದರು. ಲಾರಿ ಕಿರ್ರನೆ ನಿಂತಾಗ ಚಕ್ರಕ್ಕೂ ಅವರ ತಲೆಗೂ ಒಂದು ಮೊಳ. ನಾನೂ ದಾರಿಹೋಕರೂ ಸೇರಿ ಅವರನ್ನು ರಸ್ತೆಬದಿಗೆ ಎಳೆದೆವು.

ಅವತ್ತು ಅತ್ತೆ ಅಡುಗೆಮನೆಯಲ್ಲಿ ಗುಟ್ಟು ಹೇಳಿದರು. "ಬೀಳೋ ಮುಂಚೆ ನಿಮ್ಮಾವ ವಾಚ್ ಬಿಚ್ಚೋಕ್ ಹೋಗ್ತಾರೆ. ನಮ್ಮಪ್ಪ ಮದುವೇಲಿ ಕೊಟ್ಟಿದ್ದು, ಒಡೀಬಾರ್ದಲ್ಲ! ಅವ್ರಿಗೇ ಇದು ಗೊತ್ತಿಲ್ಲ. ಕೈ ಅಲ್ಲಿಗೆ ಹೋಯ್ತೋ, ಎಳೆದು ಕೂರಿಸ್ಬಿಡು. ಇಲ್ದಿದ್ರೆ ಒಂದಿನ ಅವ್ರು ನಮಗೆ ಸಿಗಲ್ಲ ಕಣೇ."

ಅಂದಿನಿಂದ ನಾನು ರಸ್ತೆ ನೋಡಲಿಲ್ಲ, ಮಾವನ ಎಡಗೈ ನೋಡಿದೆ. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಮಣಿಕಟ್ಟು ತುರಿಸಿಕೊಂಡರು. ಹೆಡ್ಮಾಸ್ತರರ ಎದುರೇ ಷರಟು ಹಿಡಿದೆಳೆದು ನೆಲಕ್ಕೆ ಕೂರಿಸಿದೆ. "ಸೊಳ್ಳೆ ಕಣೇ, ಸೊಳ್ಳೆ!" ಎಂದು ಕಿರುಚಿದರು.

ಮುಂದಿನ ವರ್ಷ ಅತ್ತೆಗೆ ದೊಡ್ಡ ಆಪರೇಷನ್ ಆಯಿತು. ರಕ್ತ ಬೇಕೆಂದರು. ಹೊಂದಿಕೆಯಾದದ್ದು ಮಾವನದೊಂದೇ! ಇಬ್ಬರೂ ಹೋಗಿಬಿಟ್ಟರೆ ಏನು ಗತಿ ಅನ್ನಿಸಿತು. ರಕ್ತ ತೆಗೆಯುವ ಕೋಣೆಯ ಬಾಗಿಲಲ್ಲೇ ಮಾವನ ಕೈ ವಾಚಿಗೆ ಹೋಯಿತು. ನಾನು ಹಿಡಿಯಲು ಓಡಿದೆ. ಮಾವ ವಾಚು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ನರ್ಸು ಸೂಜಿ ತೆಗೆಯುವ ಮೊದಲೇ ಮಂಚದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದರು.

"ಪ್ರಜ್ಞೆ ಹೋದ್ರೂ ನಿಲ್ಲಿಸ್ಬೇಡಿ ಸಿಸ್ಟರ್, ತಗೊಳ್ಳಿ."

ಸಂಜೆ ಅತ್ತೆ ಕಣ್ಣು ಬಿಟ್ಟರು. ನನ್ನ ಕೈಯಲ್ಲಿ ವಾಚು ಕಂಡದ್ದೇ ಮುಖ ಬಿಳುಚಿಕೊಂಡಿತು.

"ಎಲ್ಲಿ ಬಿದ್ರೇ?"

"ಬೀಳ್ಲಿಲ್ಲ ಅತ್ತೆ. ಮೊದ್ಲೇ ಮಲಗಿದ್ರು, ನಿಮ್ ಥರಾನೇ."

ಅತ್ತೆ ವಾಚನ್ನು ಈಸಿಕೊಂಡು ಕಿವಿಗೆ ಹಿಡಿದರು. ಕಣ್ಣೀರು ದಿಂಬಿಗೆ ಇಳಿಯುತ್ತಿತ್ತು.